ಐದು ಲಕ್ಷದ ಭರವಸೆ ಕೊಡುವ ನಿಗಮದ ಮೇಲೆ ಯಾರ ಹಿಡಿತ ಇದೆ?

"ಬ್ಯಾಂಕ್ ಮುಳುಗಿದ್ರೂ ಐದು ಲಕ್ಷದ ತನಕ ಸರ್ಕಾರ ಕೊಡ್ತದ ಬಿಡ್ರಿ." ಹುಬ್ಬಳ್ಳಿ-ಧಾರವಾಡ ಕಡೆ ಠೇವಣಿ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಹೀಗೆ ಹೇಳಿಯೇ ಹೇಳುತ್ತಾರೆ. ಐದು ಲಕ್ಷದ ಮಾತು ಸರಿ. ಆದರೆ ಆ ರೊಕ್ಕ ಸರ್ಕಾರದ ಖಜಾನೆಯಿಂದ ಬರುವುದಿಲ್ಲ. ಅದನ್ನು ಕೊಡುವುದು ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ. ಇದಕ್ಕೆ ಡಿಐಸಿಜಿಸಿ ಅಂತ ಚಿಕ್ಕ ಹೆಸರು. ಇದರ ಬಂಡವಾಳ 50 ಕೋಟಿ ರೂಪಾಯಿ, ಅಷ್ಟನ್ನೂ ಹಾಕಿರುವುದು ರಿಸರ್ವ್ ಬ್ಯಾಂಕ್. ಅಂದರೆ ಮಾಲೀಕತ್ವ ಪೂರ್ತಿ ರಿಸರ್ವ್ ಬ್ಯಾಂಕಿನದು.

ಹಾಗಾದರೆ ಸರ್ಕಾರದ ಪಾತ್ರ ಏನು? ಈ ನಿಗಮ ಸರಿಯಾಗಿ ನಡೆಯುತ್ತಿದೆಯೇ ಅಂತ ಯಾರು ನೋಡುತ್ತಾರೆ? ಉಳಿತಾಯ ಖಾತೆ ಇರುವ ಪ್ರತಿಯೊಬ್ಬರಿಗೂ ಇದು ಸಂಬಂಧಪಟ್ಟ ವಿಷಯ. ನಮ್ಮ ಭಾಗದಲ್ಲಿ ಸಹಕಾರ ಬ್ಯಾಂಕು, ಸೊಸೈಟಿಗಳ ಮೇಲೆ ಜನಕ್ಕೆ ಜಾಸ್ತಿ ನಂಬಿಕೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲು ರೊಕ್ಕ ಎಲ್ಲಿಂದ ಬರುತ್ತದೆ ನೋಡೋಣ. ಬೆಳೆ ವಿಮೆಯಲ್ಲಿ ರೈತ ತನ್ನ ಪಾಲಿನ ಕಂತು ಕಟ್ಟುತ್ತಾನೆ, ಅಲ್ವಾ? ಠೇವಣಿ ವಿಮೆಯಲ್ಲಿ ಠೇವಣಿದಾರ ಒಂದು ಪೈಸೆಯನ್ನೂ ಕಟ್ಟಬೇಕಿಲ್ಲ. ಪ್ರೀಮಿಯಂ ಕಟ್ಟುವುದು ಬ್ಯಾಂಕ್. ಅದನ್ನು ಗ್ರಾಹಕರಿಂದ ವಸೂಲಿ ಮಾಡುವ ಹಾಗೂ ಇಲ್ಲ. 2020ರ ಏಪ್ರಿಲ್‌ನಿಂದ ನೂರು ರೂಪಾಯಿ ಠೇವಣಿಗೆ ವರ್ಷಕ್ಕೆ 12 ಪೈಸೆ ದರ ನಿಗದಿಯಾಯಿತು. ಆರು ತಿಂಗಳಿಗೊಮ್ಮೆ ಕಟ್ಟಬೇಕು. ಆ ದರದಲ್ಲಿ ಲೆಕ್ಕ ಹಾಕಿ ನೋಡಿ: 100 ಕೋಟಿ ಠೇವಣಿ ಇರುವ ಒಂದು ಊರಿನ ಬ್ಯಾಂಕ್ ವರ್ಷಕ್ಕೆ 12 ಲಕ್ಷ ಕಟ್ಟುತ್ತದೆ. ಹೀಗೆ ದೇಶದಲ್ಲಿ ವಿಮೆ ಇರುವ ಎಲ್ಲ ಬ್ಯಾಂಕುಗಳಿಂದ ಬಂದ ರೊಕ್ಕ ಠೇವಣಿ ವಿಮಾ ನಿಧಿಗೆ ಸೇರುತ್ತದೆ. ನಿಗಮ ಆ ನಿಧಿಯನ್ನು ಮನಸ್ಸಿಗೆ ಬಂದಲ್ಲಿ ತೊಡಗಿಸುವಂತಿಲ್ಲ. ಕೇಂದ್ರ ಸರ್ಕಾರದ ಸಾಲಪತ್ರಗಳಲ್ಲೇ ಇಡಬೇಕು ಅಂತ ಕಾನೂನು ಹೇಳುತ್ತದೆ. ಶೇರು ಪೇಟೆಯ ಏರಿಳಿತ ಇದನ್ನು ಮುಟ್ಟುವುದಿಲ್ಲ. ಇದು ಬಹಳ ಒಳ್ಳೆಯ ನಿಯಮ.

ಈ ಏರ್ಪಾಡು ಹುಟ್ಟಿದ್ದೇ ಜನರ ಕಣ್ಣೀರಿನಿಂದ. 1960ರ ಆಗಸ್ಟ್‌ನಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಬಾಗಿಲು ಹಾಕಿತು. ಸಾಮಾನ್ಯ ಜನರ ಉಳಿತಾಯ ಒಳಗೇ ಸಿಕ್ಕಿಬಿತ್ತು. ದೇಶದ ತುಂಬ ಗಾಬರಿ ಹಬ್ಬಿತು. ಮರುವರ್ಷವೇ ಸಂಸತ್ತು ಠೇವಣಿ ವಿಮಾ ನಿಗಮ ಕಾಯ್ದೆ ಪಾಸು ಮಾಡಿತು. 1962ರ ಜನವರಿ 1ರಂದು ನಿಗಮ ಕೆಲಸ ಶುರು ಮಾಡಿತು. ಆಗ ಸಹಕಾರ ಬ್ಯಾಂಕುಗಳು ಇದರೊಳಗೆ ಇರಲಿಲ್ಲ. 1968ರ ತಿದ್ದುಪಡಿಯಿಂದ ಅವುಗಳಿಗೂ ಬಾಗಿಲು ತೆರೆಯಿತು. 1978ರಲ್ಲಿ ಸಾಲ ಖಾತರಿ ನಿಗಮವೂ ಇದರ ಜೊತೆ ಸೇರಿ ಈಗಿನ ಉದ್ದನೆಯ ಹೆಸರು ಬಂತು.

ಈಗ ಹಿಡಿತದ ವಿಷಯಕ್ಕೆ ಬರೋಣ.

ದಿನನಿತ್ಯದ ಹಿಡಿತ ರಿಸರ್ವ್ ಬ್ಯಾಂಕಿನದು. ನಿಗಮದ ಅಧ್ಯಕ್ಷರು ರಿಸರ್ವ್ ಬ್ಯಾಂಕಿನ ಒಬ್ಬ ಉಪ ಗವರ್ನರ್. ಸಿಬ್ಬಂದಿಯೂ ರಿಸರ್ವ್ ಬ್ಯಾಂಕಿನಿಂದ ನಿಯೋಜನೆ ಮೇಲೆ ಬಂದವರು. ಲೆಕ್ಕ ತಪಾಸಣೆಗೆ ಆಡಿಟರ್ ನೇಮಿಸಲಿಕ್ಕೂ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಕು. ನಿಗಮ ತನ್ನ ನಿಯಮಾವಳಿ ಬರೆದುಕೊಳ್ಳುವಾಗಲೂ ಅದೇ ಒಪ್ಪಿಗೆ ಬೇಕು.

ಕೇಂದ್ರ ಸರ್ಕಾರ ಇದರ ಪಕ್ಕದಲ್ಲಿ ನಿಂತಿದೆ. ಆಡಳಿತ ಮಂಡಳಿಯಲ್ಲಿ ಕೇಂದ್ರ ಸರ್ಕಾರದ ಒಬ್ಬ ಅಧಿಕಾರಿ ಕೂರುತ್ತಾರೆ. ಬ್ಯಾಂಕಿಂಗ್, ವಿಮೆ, ವ್ಯಾಪಾರ, ಸಹಕಾರ ಕ್ಷೇತ್ರ ಬಲ್ಲ ಕೆಲವು ನಿರ್ದೇಶಕರನ್ನು ಕೇಂದ್ರ ಸರ್ಕಾರ ರಿಸರ್ವ್ ಬ್ಯಾಂಕಿನ ಜೊತೆ ಸಮಾಲೋಚಿಸಿ ನೇಮಿಸುತ್ತದೆ. ಸಹಕಾರ ಕ್ಷೇತ್ರದ ಅನುಭವಿಗಳಿಗೂ ಅಲ್ಲಿ ಜಾಗ ಇದೆ ಅನ್ನೋದನ್ನು ನಮ್ಮ ಭಾಗದವರು ಗಮನಿಸಬೇಕು. ಪ್ರತಿ ವರ್ಷದ ವರದಿ ಮತ್ತು ಲೆಕ್ಕಪತ್ರ ಸರ್ಕಾರದ ಮೂಲಕ ಸಂಸತ್ತಿನ ಎರಡೂ ಸದನಗಳ ಮುಂದೆ ಹೋಗುತ್ತದೆ.

ಆದರೆ ಸರ್ಕಾರದ ನಿಜವಾದ ಬಲ ಇರುವುದು ಬೇರೆ ಕಡೆ. ವಿಮೆಯ ಮಿತಿ ಏರಿಸಬೇಕಾದರೆ ನಿಗಮ ಕೇಂದ್ರ ಸರ್ಕಾರದ ಪೂರ್ವಾನುಮತಿ ಪಡೆಯಲೇಬೇಕು. ಈ ಒಂದು ಸಾಲು ಎಷ್ಟು ದೊಡ್ಡದು ಅನ್ನೋದು ಹಳೆಯ ಅಂಕಿಗಳನ್ನು ನೋಡಿದರೆ ಗೊತ್ತಾಗುತ್ತದೆ. 1962ರಲ್ಲಿ ಮಿತಿ 1,500 ರೂಪಾಯಿ ಇತ್ತು. 1968ರಲ್ಲಿ 5,000 ಆಯಿತು, 1970ರಲ್ಲಿ 10,000, 1976ರಲ್ಲಿ 20,000, 1980ರಲ್ಲಿ 30,000. 1993ರ ಮೇ ತಿಂಗಳಲ್ಲಿ ಒಂದು ಲಕ್ಷಕ್ಕೆ ಏರಿತು. ಅಲ್ಲಿಗೆ ನಿಂತುಬಿಟ್ಟಿತು. 2011ರಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ ದಾಮೋದರನ್ ಸಮಿತಿ ಐದು ಲಕ್ಷ ಮಾಡಿ ಅಂತ ಶಿಫಾರಸು ಮಾಡಿತು. ಏನೂ ಆಗಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಮುಂಬೈಯ ಪಿಎಂಸಿ ಬ್ಯಾಂಕ್ ಕುಸಿಯಿತು. ಒಬ್ಬ ಗ್ರಾಹಕ ಬರೀ ಸಾವಿರ ರೂಪಾಯಿ ತೆಗೆಯಬಹುದು ಅಂತ ಶುರುವಿನಲ್ಲಿ ಹೇಳಿದರು. ಜನ ಬೀದಿಗೆ ಬಂದರು. 2020ರ ಫೆಬ್ರುವರಿ 1ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಐದು ಲಕ್ಷಕ್ಕೆ ಅನುಮತಿ ಕೊಟ್ಟಿರುವುದಾಗಿ ಹೇಳಿದರು. ಫೆಬ್ರುವರಿ 4ಕ್ಕೆ ಅದು ಜಾರಿಗೂ ಬಂತು.

1993ರಿಂದ 2020ರ ತನಕ 27 ವರ್ಷ ಒಂದೇ ಮಿತಿ. ಆ ಅವಧಿಯಲ್ಲಿ ಬಂಗಾರದ ಬೆಲೆ ಎಷ್ಟಾಯಿತು, ಹುಬ್ಬಳ್ಳಿಯಲ್ಲಿ ಒಂದು ಸೈಟಿನ ಬೆಲೆ ಎಷ್ಟಾಯಿತು ಅಂತ ನೀವೇ ಯೋಚಿಸಿ. ಅಧಿಕಾರ ಸರ್ಕಾರದ ಕೈಯಲ್ಲಿತ್ತು, ಬಳಸುವ ಗಡುವು ಮಾತ್ರ ಇರಲಿಲ್ಲ. ಇಷ್ಟು ವರ್ಷಕ್ಕೊಮ್ಮೆ ಮಿತಿಯನ್ನು ಮರುಪರಿಶೀಲಿಸಲೇಬೇಕು ಅಂತ ಕಾನೂನಿನಲ್ಲಿ ಬರೆದಿದ್ದರೆ ಒಂದು ಬ್ಯಾಂಕ್ ಮುಳುಗುವ ತನಕ ಕಾಯಬೇಕಿರಲಿಲ್ಲ. ನನಗೆ ಈ ವ್ಯವಸ್ಥೆಯಲ್ಲಿ ಕಾಣುವ ಮೊದಲ ಕೊರತೆ ಇದು.

ಐದು ಲಕ್ಷ ಅಂದರೆ ಹೇಗೆ ಎಣಿಸುತ್ತಾರೆ ಅನ್ನೋದರಲ್ಲಿ ತುಂಬ ಗೊಂದಲ ಇದೆ. ಒಂದು ಉದಾಹರಣೆ ತಗೊಳ್ಳಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿದ ಒಬ್ಬ ರೈತ ಹಾವೇರಿಯ ಒಂದು ಬ್ಯಾಂಕಿನಲ್ಲಿ 4,70,000 ರೂಪಾಯಿ ಠೇವಣಿ ಇಟ್ಟ ಅಂದುಕೊಳ್ಳಿ. ಅದಕ್ಕೆ 38,000 ಬಡ್ಡಿ ಸೇರಿತು. ಅದೇ ಬ್ಯಾಂಕಿನ ರಾಣೆಬೆನ್ನೂರು ಶಾಖೆಯಲ್ಲಿ ಉಳಿತಾಯ ಖಾತೆಯಲ್ಲಿ 60,000 ಇದೆ. ಶಾಖೆ ಬೇರೆ ಆದರೂ ಬ್ಯಾಂಕ್ ಒಂದೇ, ಹಾಗಾಗಿ ಎಲ್ಲ ಕೂಡಿಸುತ್ತಾರೆ. ಅಸಲು, ಬಡ್ಡಿ ಎರಡೂ ಲೆಕ್ಕಕ್ಕೆ ಬರುತ್ತವೆ. ಒಟ್ಟು 5,68,000. ವಿಮೆಯಿಂದ ಸಿಗುವುದು 5,00,000. ಉಳಿದ 68,000 ಬ್ಯಾಂಕಿನ ಆಸ್ತಿ ಮಾರಿ ಸಾಲ ವಸೂಲಾದ ಮೇಲೆ ಬಂದರೆ ಬಂತು. ಅದೇ ಬ್ಯಾಂಕಿನಲ್ಲಿ ಅವನ ಹೆಸರಿಗೆ ಒಂದು ಲಕ್ಷ ಸಾಲ ಬಾಕಿ ಇದ್ದರೆ ಅದನ್ನು ಮೊದಲು ಕಳೆಯುತ್ತಾರೆ, ಕೈಗೆ ಬರುವುದು 4,68,000. ಹೆಂಡತಿ ಜೊತೆಗಿನ ಜಂಟಿ ಖಾತೆಗೆ ಪ್ರತ್ಯೇಕ ಐದು ಲಕ್ಷದ ಮಿತಿ ಇದೆ. ಬೇರೆ ಬ್ಯಾಂಕಿನಲ್ಲಿಟ್ಟ ರೊಕ್ಕಕ್ಕೂ ಪ್ರತ್ಯೇಕ ಮಿತಿ ಇದೆ.

ರಾಜ್ಯ ಸರ್ಕಾರಕ್ಕೂ ಇದರಲ್ಲಿ ಒಂದು ಕೈ ಇದೆ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಸಹಕಾರ ಬ್ಯಾಂಕ್ ಅಂದರೆ ಅದು ಒಂದು ಬ್ಯಾಂಕೂ ಹೌದು, ಸಹಕಾರ ಸಂಘವೂ ಹೌದು. ಬ್ಯಾಂಕಿಂಗ್ ವ್ಯವಹಾರ ನೋಡುವುದು ರಿಸರ್ವ್ ಬ್ಯಾಂಕ್. ಸಂಘದ ನೋಂದಣಿ ರಾಜ್ಯದ ಸಹಕಾರ ಸಂಘಗಳ ನಿಬಂಧಕರ ಹತ್ತಿರ ಇರುತ್ತದೆ. ಬ್ಯಾಂಕನ್ನು ಮುಚ್ಚಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿ, ನಿಬಂಧಕರು ಸುಮ್ನೆ ಕೂತರೆ ಏನು ಮಾಡುವುದು? ಅದಕ್ಕೇ ವಿಮಾ ಕಾನೂನು ಒಂದು ಷರತ್ತು ಹಾಕಿದೆ. ರಿಸರ್ವ್ ಬ್ಯಾಂಕ್ ಕೇಳಿದಾಗ ಬ್ಯಾಂಕನ್ನು ಸಮಾಪನೆ ಮಾಡಲು, ಅಂದರೆ ಲೆಕ್ಕ ತೀರಿಸಿ ಮುಚ್ಚಲು, ಅಥವಾ ಆಡಳಿತ ಮಂಡಳಿಯನ್ನು ತೆಗೆಯಲು ಅವಕಾಶ ಇರುವಂತೆ ರಾಜ್ಯ ತನ್ನ ಸಹಕಾರ ಕಾಯ್ದೆಯನ್ನು ತಿದ್ದಿಕೊಳ್ಳಬೇಕು. ರಿಸರ್ವ್ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ರಾಜ್ಯವೇ ಮುಂದಾಗಿ ಬ್ಯಾಂಕ್ ಮುಚ್ಚುವಂತೆಯೂ ಇರಬಾರದು. ಹೀಗೆ ಕಾನೂನು ತಿದ್ದಿದ ರಾಜ್ಯದ ಸಹಕಾರ ಬ್ಯಾಂಕುಗಳಿಗೆ ಮಾತ್ರ ವಿಮೆ. ಕರ್ನಾಟಕದ ಸಹಕಾರ ಬ್ಯಾಂಕುಗಳು ಇದರೊಳಗೆ ಇವೆ. ಧಾರವಾಡದ ಕೆಸಿಸಿ ಬ್ಯಾಂಕಿನಂಥ ಕೇಂದ್ರ ಸಹಕಾರ ಬ್ಯಾಂಕುಗಳಿಗೂ, ಪಟ್ಟಣಗಳ ಅರ್ಬನ್ ಸಹಕಾರ ಬ್ಯಾಂಕುಗಳಿಗೂ ವಿಮೆ ಇದೆ. ಗ್ರಾಮೀಣ ಬ್ಯಾಂಕು, ಸಣ್ಣ ಹಣಕಾಸು ಬ್ಯಾಂಕುಗಳೂ ಇದರೊಳಗೇ ಬರುತ್ತವೆ.

ಇದರ ಹೊರಗೆ ಉಳಿದವರ ಕಥೆಯನ್ನು ನಮ್ಮ ಭಾಗದಲ್ಲಿ ಹೇಳಲೇಬೇಕು.

1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದಲ್ಲಿ ಇಂಥದ್ದು ಅದೇ ಮೊದಲು. ಸಾಹುಕಾರರ ಬಡ್ಡಿಯಿಂದ ರೈತನನ್ನು ಬಿಡಿಸಿದ ಚಳವಳಿ ಅದು, ಅದರ ಬಗ್ಗೆ ನಮಗೆಲ್ಲ ಹೆಮ್ಮೆ ಇದೆ. ಇವತ್ತು ಹಳ್ಳಿಹಳ್ಳಿಗೂ ಪ್ರಾಥಮಿಕ ಕೃಷಿ ಪತ್ತಿನ ಸಂಘ ಇದೆ. ಪೇಟೆಯಲ್ಲಿ ಓಣಿಗೊಂದು ಪತ್ತಿನ ಸೊಸೈಟಿ, ಸೌಹಾರ್ದ ಸಹಕಾರಿ ಇವೆ. ಇವುಗಳಲ್ಲಿ ಇಟ್ಟ ಠೇವಣಿಗೆ ಡಿಐಸಿಜಿಸಿ ವಿಮೆ ಇಲ್ಲ. ಒಂದು ರೂಪಾಯಿಗೂ ಇಲ್ಲ. ವಿಮೆ ಇರುವುದು ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಪಡೆದ ಬ್ಯಾಂಕಿಗೆ ಮಾತ್ರ. ಸೊಸೈಟಿ ಮುಳುಗಿದರೆ ನಿಬಂಧಕರ ಕಚೇರಿ, ಆಮೇಲೆ ಕೋರ್ಟು, ಅಷ್ಟೇ ದಾರಿ.

ಕಷ್ಟ ಏನೆಂದರೆ, ಅಂಗಡಿ ಗಲ್ಲಾ ಮೇಲೆ ಕೂತವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಪಿಗ್ಮಿ, ಅಂದರೆ ದಿನದಿನದ ಸಣ್ಣ ಠೇವಣಿ, ಸಂಗ್ರಹಿಸುವವರು ಬರುತ್ತಾರೆ. ಕೈಯಲ್ಲಿ ಸಣ್ಣ ಮಷೀನು, ಹೆಗಲಿಗೆ ಚೀಲ. ನೂರೋ ಇನ್ನೂರೋ ಕೊಟ್ಟರೆ ಚೀಟಿ ಹರಿದು ಕೊಡುತ್ತಾರೆ. ಬ್ಯಾಂಕಿನ ಪಿಗ್ಮಿಯವರೂ ಹಾಗೇ ಬರುತ್ತಾರೆ, ಸೊಸೈಟಿಯವರೂ ಹಾಗೇ ಬರುತ್ತಾರೆ. ಬಹಳ ಸಲ ಅವರು ಪರಿಚಯದ ಹುಡುಗರೇ. ಹಾಗಾಗಿ ಚೀಟಿಯ ಮೇಲೆ ಏನು ಬರೆದಿದೆ ಅಂತ ಯಾರು ಓದುತ್ತಾರೆ? ಆದರೆ ಓದಬೇಕು. ಚೀಟಿ ಕೊಟ್ಟ ಸಂಸ್ಥೆಗೆ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇದೆಯೇ ಅಂತ ಕೇಳಬೇಕು. ಹೆಸರಿನಲ್ಲಿ ಸೌಹಾರ್ದ ಅಂತಿರುವ ಕೆಲವು ಸಂಸ್ಥೆಗಳಿಗೆ ಬ್ಯಾಂಕ್ ಲೈಸೆನ್ಸ್ ಇದೆ, ಬಹಳಷ್ಟಕ್ಕೆ ಇಲ್ಲ. ಆದ್ದರಿಂದ ಹೆಸರು ನೋಡಿದರೆ ಸಾಲದು. 2023ರಿಂದ ವಿಮೆ ಇರುವ ಬ್ಯಾಂಕುಗಳು ತಮ್ಮ ವೆಬ್‌ಸೈಟಿನಲ್ಲಿ ಡಿಐಸಿಜಿಸಿ ಲಾಂಛನ ಮತ್ತು ಕ್ಯೂಆರ್ ಕೋಡ್ ಹಾಕಬೇಕು. ನಿಗಮದ ವೆಬ್‌ಸೈಟಿನಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿಯೂ ಇದೆ. ಮನೆಯಲ್ಲಿ ಯಾರಾದರೂ ಮಕ್ಕಳಿಗೆ ಫೋನ್ ಕೊಟ್ಟರೆ ಎರಡು ನಿಮಿಷದಲ್ಲಿ ನೋಡಿ ಹೇಳುತ್ತಾರೆ.

ಪೋಸ್ಟ್ ಆಫೀಸಿನ ಠೇವಣಿಗೂ ಈ ವಿಮೆ ಇಲ್ಲ, ಆದರೆ ಅಲ್ಲಿ ಚಿಂತೆ ಬೇಡ. ಅದಕ್ಕೆ ನೇರವಾಗಿ ಕೇಂದ್ರ ಸರ್ಕಾರವೇ ಹೊಣೆ.

ಮೊದಲೆಲ್ಲ ವಿಮೆ ರೊಕ್ಕ ಸಿಗುತ್ತಿದ್ದದ್ದು ಬ್ಯಾಂಕಿನ ಲೈಸೆನ್ಸ್ ರದ್ದಾಗಿ, ಸಮಾಪಕರು ಬಂದು, ಪಟ್ಟಿ ಮಾಡಿದ ಮೇಲೆ. ಅದಕ್ಕೆ ವರ್ಷಗಳೇ ಹಿಡಿಯುತ್ತಿದ್ದವು. ಬ್ಯಾಂಕ್ ಮುಚ್ಚಿಯೂ ಇಲ್ಲ, ನಡೆಯುತ್ತಲೂ ಇಲ್ಲ ಅನ್ನುವ ಸ್ಥಿತಿಯಲ್ಲಿ ಜನ ಒದ್ದಾಡುತ್ತಿದ್ದರು. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ನಿರ್ಬಂಧ ಬಿದ್ದಾಗ ನಿವೃತ್ತರು, ಹಿರಿಯ ನಾಗರಿಕರು ಎಷ್ಟು ಕಷ್ಟಪಟ್ಟರು ಅಂತ ರಾಜ್ಯವೇ ನೋಡಿದೆ. ಶುರುವಿನಲ್ಲಿ ತೆಗೆಯಲು ಬಿಟ್ಟದ್ದು 35,000 ರೂಪಾಯಿ ಮಾತ್ರ. ಔಷಧಿಗೂ ಮಗಳ ಮದುವೆಗೂ ಕೂಡಿಟ್ಟ ರೊಕ್ಕ ಒಳಗೇ ಉಳಿಯಿತು.

ಇಲ್ಲಿ ಸಂಸತ್ತು ಸರಿಯಾದ ಕೆಲಸ ಮಾಡಿತು ಅಂತ ಹೇಳಲೇಬೇಕು. 2021ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, ಸೆಪ್ಟೆಂಬರ್ 1ರಿಂದ ಜಾರಿಯಾಯಿತು. ಈಗ ರಿಸರ್ವ್ ಬ್ಯಾಂಕ್ ಒಂದು ಬ್ಯಾಂಕಿನ ಮೇಲೆ ಹಣ ತೆಗೆಯದಂತೆ ನಿರ್ಬಂಧ ಹಾಕಿದರೆ 90 ದಿನದೊಳಗೆ ಐದು ಲಕ್ಷದವರೆಗಿನ ರೊಕ್ಕ ಠೇವಣಿದಾರನಿಗೆ ಸೇರಬೇಕು. ಮೊದಲ 45 ದಿನದಲ್ಲಿ ಬ್ಯಾಂಕ್ ಪಟ್ಟಿ ಕೊಡಬೇಕು. ನಂತರದ 30 ದಿನದಲ್ಲಿ ನಿಗಮ ಅದನ್ನು ಪರಿಶೀಲಿಸಬೇಕು. ಕೊನೆಯ 15 ದಿನದಲ್ಲಿ ರೊಕ್ಕ ಹಾಕಬೇಕು. ಠೇವಣಿದಾರ ಮಾಡಬೇಕಾದ್ದು ಒಂದೇ: ನನಗೆ ವಿಮೆ ಮೊತ್ತ ಬೇಕು ಅಂತ ಒಪ್ಪಿಗೆ ಪತ್ರ ಬರೆದು, ಗುರುತಿನ ದಾಖಲೆ ಮತ್ತು ಬೇರೆ ಬ್ಯಾಂಕಿನ ಖಾತೆ ವಿವರ ಕೊಡಬೇಕು. ಮುಳುಗುತ್ತಿರುವ ಬ್ಯಾಂಕನ್ನು ಇನ್ನೊಂದು ಬ್ಯಾಂಕ್ ಜೊತೆ ಸೇರಿಸುವ ಯೋಜನೆ ಇದ್ದರೆ ಇನ್ನೂ 90 ದಿನ ಮುಂದೂಡಲು ಅವಕಾಶ ಇದೆ. ಗುರು ರಾಘವೇಂದ್ರ ಬ್ಯಾಂಕಿನ ಠೇವಣಿದಾರರಿಗೂ ಈ ಹೊಸ ನಿಯಮದ ಅಡಿಯಲ್ಲೇ ಐದು ಲಕ್ಷದವರೆಗಿನ ರೊಕ್ಕ ಸಿಕ್ಕಿತು.

ಇಷ್ಟೆಲ್ಲ ಆದರೂ ಮೂಲದ ಒಂದು ತೊಡಕು ಹಾಗೇ ಉಳಿದಿದೆ. ಬ್ಯಾಂಕುಗಳನ್ನು ಕಾಯುವುದು ರಿಸರ್ವ್ ಬ್ಯಾಂಕ್. ಬ್ಯಾಂಕ್ ಬಿದ್ದಾಗ ಪರಿಹಾರ ಕೊಡುವುದು ರಿಸರ್ವ್ ಬ್ಯಾಂಕಿನದೇ ನಿಗಮ. ಒಂದು ಬ್ಯಾಂಕಿನ ಲೆಕ್ಕದಲ್ಲಿ ಏನೋ ಎಡವಟ್ಟು ಇದೆ ಅನ್ನಿಸಿದರೆ, ತಪಾಸಣೆ ಮಾಡಿ ಅಂತ ನಿಗಮ ರಿಸರ್ವ್ ಬ್ಯಾಂಕನ್ನು ಕೇಳಿಕೊಳ್ಳಬೇಕು. ತಾನೇ ಹೋಗಿ ಬ್ಯಾಂಕನ್ನು ಸರಿದಾರಿಗೆ ತರುವ ಅಧಿಕಾರ ಅದಕ್ಕಿಲ್ಲ. ಕಾವಲಿನಲ್ಲಿ ತಪ್ಪಾದಾಗ ನಿಧಿಯಿಂದ ರೊಕ್ಕ ಹೋಗುತ್ತದೆ. ಆದರೆ ಆ ತಪ್ಪನ್ನು ಎತ್ತಿ ಹೇಳಬೇಕಾದ ನಿಗಮದ ಅಧ್ಯಕ್ಷರು ರಿಸರ್ವ್ ಬ್ಯಾಂಕಿನವರೇ. ಅವರ ಪ್ರಾಮಾಣಿಕತೆ ಬಗ್ಗೆ ನನಗೆ ಸಂಶಯ ಇಲ್ಲ. ಕುರ್ಚಿಗಳನ್ನು ಜೋಡಿಸಿದ ರೀತಿಯೇ ಸರಿಯಿಲ್ಲ ಅನ್ನೋದು ನನ್ನ ಮಾತು.

ಅಮೆರಿಕದಲ್ಲಿ ಇದನ್ನು ಬೇರೆ ಥರ ಜೋಡಿಸಿದ್ದಾರೆ. 1933ರಲ್ಲಿ ಹುಟ್ಟಿದ ಅಲ್ಲಿನ ಠೇವಣಿ ವಿಮಾ ನಿಗಮ ಎಫ್‌ಡಿಐಸಿ ಕೇಂದ್ರೀಯ ಬ್ಯಾಂಕಿನ ಕೈಕೆಳಗೆ ಇಲ್ಲ. ಅದರ ಅಧ್ಯಕ್ಷರನ್ನು ದೇಶದ ಅಧ್ಯಕ್ಷರು ಹೆಸರಿಸಿದ ಮೇಲೆ ಸೆನೆಟ್ ಒಪ್ಪಬೇಕು. ಆಡಳಿತ ಮಂಡಳಿಯಲ್ಲಿ ಒಂದೇ ಪಕ್ಷದವರು ಮೂವರಿಗಿಂತ ಜಾಸ್ತಿ ಇರುವಂತಿಲ್ಲ. ಬ್ಯಾಂಕುಗಳ ತಪಾಸಣೆ ಮಾಡುವ, ಬಿದ್ದ ಬ್ಯಾಂಕನ್ನು ತಾನೇ ವಹಿಸಿಕೊಂಡು ಇನ್ನೊಬ್ಬರಿಗೆ ಮಾರುವ ಅಧಿಕಾರವೂ ಅದಕ್ಕಿದೆ. ನಮ್ಮಲ್ಲೂ ಹೀಗೆ ಪ್ರತ್ಯೇಕ ನಿಗಮ ಮಾಡುವ ಪ್ರಯತ್ನ ನಡೆದಿತ್ತು. 2017ರಲ್ಲಿ ಕೇಂದ್ರ ಸರ್ಕಾರ ಎಫ್‌ಆರ್‌ಡಿಐ ಅನ್ನುವ ಮಸೂದೆ ತಂದಿತು. ಡಿಐಸಿಜಿಸಿ ಜಾಗದಲ್ಲಿ ಹೊಸ ನಿಗಮ ಬರುವುದಿತ್ತು. ಆದರೆ ಬ್ಯಾಂಕ್ ಉಳಿಸಲು ಠೇವಣಿದಾರರ ರೊಕ್ಕವನ್ನೇ ಬಳಸಬಹುದು ಅನ್ನುವ ಒಂದು ಕಲಂ ಜನರನ್ನು ಹೆದರಿಸಿತು. ಹೆದರಿದ್ದರಲ್ಲಿ ತಪ್ಪೇನೂ ಇರಲಿಲ್ಲ. 2018ರಲ್ಲಿ ಸರ್ಕಾರ ಮಸೂದೆ ಹಿಂದಕ್ಕೆ ಪಡೆಯಿತು. ಆ ಕಲಮಿನ ಜೊತೆಗೇ ಪ್ರತ್ಯೇಕ ನಿಗಮದ ವಿಚಾರವೂ ಮೂಲೆಗೆ ಹೋಯಿತು. ಇದು ನನಗೆ ಬೇಸರದ ಸಂಗತಿ.

ಸಣ್ಣದೊಂದು ಬದಲಾವಣೆ ಈಚೆಗೆ ಪ್ರಕಟವಾಗಿದೆ. ಅದಕ್ಕೂ ಮೊದಲು ಚೆನ್ನಾಗಿ ನಡೆಯುವ ಬ್ಯಾಂಕಿಗೂ ಹಳಿ ತಪ್ಪಿದ ಬ್ಯಾಂಕಿಗೂ ಒಂದೇ 12 ಪೈಸೆ ಇತ್ತು. ಬ್ಯಾಂಕಿನ ಅಪಾಯ ನೋಡಿ ಪ್ರೀಮಿಯಂ ಹಾಕುವ ಪದ್ಧತಿ ತರುವುದಾಗಿ 2025ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿತು. 2026ರ ಏಪ್ರಿಲ್‌ನಿಂದ ಅದು ಶುರು ಅಂತ ಹೇಳಿತು. ಗಟ್ಟಿ ಬ್ಯಾಂಕಿಗೆ ಕಡಿಮೆ ದರ ಬಿದ್ದರೆ ಶಿಸ್ತಿಗೆ ಬೆಲೆ ಬರುತ್ತದೆ. ನಮ್ಮ ಕಡೆಯ ಸಣ್ಣ ಪಟ್ಟಣಗಳಲ್ಲಿ ಶಿಸ್ತಿನಿಂದ ನಡೆಯುವ ಸಹಕಾರ ಬ್ಯಾಂಕುಗಳಿಗೆ ಇದರ ಲಾಭ ಸಿಗಬೇಕು.

ಜನಸಾಮಾನ್ಯರು ಈ ನಿಗಮವನ್ನು ಪ್ರಶ್ನಿಸಲು ಎರಡು ದಾರಿ ಇವೆ. ಮಾಹಿತಿ ಹಕ್ಕು ಕಾಯ್ದೆ ಇದಕ್ಕೂ ಅನ್ವಯಿಸುತ್ತದೆ, ಯಾರು ಬೇಕಾದರೂ ಅರ್ಜಿ ಹಾಕಬಹುದು. ಇನ್ನೊಂದು ಸಂಸತ್ತು. ವಾರ್ಷಿಕ ವರದಿ ಅಲ್ಲಿಗೆ ಹೋಗುವುದರಿಂದ ಸಂಸದರು ಹಣಕಾಸು ಸಚಿವರನ್ನು ಲಿಖಿತವಾಗಿ ಕೇಳಬಹುದು, ಉತ್ತರ ಎಲ್ಲರಿಗೂ ಓದಲು ಸಿಗುತ್ತದೆ. ಈ ಭಾಗದ ಸಹಕಾರಿಗಳು, ವರ್ತಕರ ಸಂಘಗಳು ತಮ್ಮ ಸಂಸದರ ಕೈಗೆ ಕೊಡಬಹುದಾದ ಪ್ರಶ್ನೆಗಳು ಕಣ್ಣ ಮುಂದೆಯೇ ಇವೆ. ಐದು ಲಕ್ಷದ ಮಿತಿಯನ್ನು ಮತ್ತೆ ಯಾವಾಗ ಪರಿಶೀಲಿಸುತ್ತೀರಿ? ನಿಗಮ ತನ್ನ ಆದಾಯದ ಮೇಲೆ ಆದಾಯ ತೆರಿಗೆ ಕಟ್ಟುತ್ತಿದೆ, ಜನರ ರಕ್ಷಣೆಗೆ ಕೂಡಿಟ್ಟ ನಿಧಿಗೆ ವಿನಾಯಿತಿ ಯಾಕಿಲ್ಲ? ಪತ್ತಿನ ಸೊಸೈಟಿಗಳಲ್ಲಿ ಪಿಗ್ಮಿ ಕಟ್ಟುವವರಿಗೆ ಒಂದು ಸಣ್ಣ ಮಿತಿಯ ವಿಮೆಯನ್ನಾದರೂ ತರಲು ರಾಜ್ಯಗಳ ಜೊತೆ ಮಾತಾಡಿದ್ದೀರಾ?